ಬೆನ್ನು ನೆಟ್ಟಗಾದರೆ ಉಸಿರೂ ನೆಟ್ಟಗಾದೀತೆ?

ನಮ್ಮ ಸಂಘದ ಸದಸ್ಯರಲ್ಲಿ ಅರುವತ್ತು ದಾಟಿದವರು ಬಹಳ ಮಂದಿ. ಮಕ್ಕಳು ಓದಿ ಪಟ್ಟಣ ಸೇರಿದ ಮೇಲೆ ಎಷ್ಟೋ ಮನೆಗಳಲ್ಲಿ ತೋಟದ ಉಸ್ತುವಾರಿ ಈ ಹಿರಿಯರ ಹೆಗಲ ಮೇಲೆಯೇ ಉಳಿದಿದೆ. ತಗ್ಗಿನ ಅಡಕೆ ತೋಟದಿಂದ ಏರಿನ ಮೇಲಿನ ಮನೆಗೆ ಬರುವಷ್ಟರಲ್ಲಿ ನಡುದಾರಿಯಲ್ಲಿ ಎರಡು ಸಲ ನಿಂತು ಸುಧಾರಿಸಿಕೊಳ್ಳುವವರು ಇವರಲ್ಲಿ ಕಡಿಮೆಯೇನಿಲ್ಲ. "ವಯಸ್ಸಾಯಿತಲ್ಲ, ಇನ್ನೇನು" ಎಂದು ಸುಮ್ಮನಾಗುವುದು ಇದುವರೆಗಿನ ರೂಢಿ.

ಈಚೆಗೆ ಇದಕ್ಕೊಂದು ಹೊಸ ಮಾತು ಸೇರಿಕೊಂಡಿದೆ. ಪಟ್ಟಣದಲ್ಲಿ ಬೆನ್ನುಮೂಳೆಯನ್ನು ಒತ್ತಿ, ತಿರುವಿ, 'ಟಕ್' ಎನ್ನಿಸಿ ಕೀಲು ಕೂರಿಸುವವರಿದ್ದಾರೆ. ಹಾಗೆ ಮಾಡಿಸಿಕೊಂಡರೆ ಬೆನ್ನುನೋವಷ್ಟೇ ಅಲ್ಲ, ದಮ್ಮೂ ಇಳಿಯುತ್ತದೆ ಎಂಬುದು ಆ ಮಾತು. ಮೊಬೈಲಿನಲ್ಲಿ ಅಂಥ ಚಿತ್ರಗಳನ್ನು ನೋಡಿದವರು ಸಂಘದ ಕಚೇರಿಗೆ ಬಂದಾಗ, "ಕಾರ್ಯದರ್ಶಿಗಳೇ, ಇದು ಹೌದೇ?" ಎಂದು ಕೇಳುವುದುಂಟು. ನಾನು ವೈದ್ಯನಲ್ಲ. ಆದರೆ ಈ ವಿಷಯದ ಮೇಲೆ ಬೇರೆ ದೇಶಗಳಲ್ಲಿ ನಡೆದಿರುವ ಪರೀಕ್ಷೆಗಳನ್ನು ಓದಿ ನೋಡಿದ್ದೇನೆ. ತೋಟಗಾರರಾದ ನಮಗೆ ಅರ್ಥವಾಗುವ ರೀತಿಯಲ್ಲಿ ಅದನ್ನು ಇಲ್ಲಿ ಬರೆಯಲು ಯತ್ನಿಸಿದ್ದೇನೆ.

ತಿದಿ ಬೇರೆ, ಕೊಳವೆ ಬೇರೆ

ಮೊದಲು ಉಸಿರಾಟದ ಯಂತ್ರವನ್ನು ನೋಡೋಣ. ನಮ್ಮ ಎದೆಗೂಡು ಕಮ್ಮಾರನ ಕುಲುಮೆಯ ತಿದಿಯ ಹಾಗೆ. ಬೆನ್ನುಮೂಳೆಯ ಎದೆಭಾಗದಲ್ಲಿ 12 ಮಣಿಗಳು. ಅವುಗಳಿಂದ ಹೊರಟ 12 ಜೊತೆ ಪಕ್ಕೆಲುಬುಗಳು. ಒಂದೊಂದು ಪಕ್ಕೆಲುಬೂ ಹಿಂದುಗಡೆ ಸಣ್ಣ ಸಣ್ಣ ಕೀಲುಗಳಿಂದ ಬೆನ್ನಿಗೆ ಜೋಡಣೆಯಾಗಿದೆ. ಉಸಿರೆಳೆದಾಗ ಮೇಲಿನ ಪಕ್ಕೆಲುಬುಗಳು ಕೈಪಂಪಿನ ಹಿಡಿಯಂತೆ ಮುಂದಕ್ಕೆ ಏಳುತ್ತವೆ. ಕೆಳಗಿನವು ಬಕೆಟ್ಟಿನ ಹಿಡಿಯಂತೆ ಪಕ್ಕಕ್ಕೆ ಏಳುತ್ತವೆ. ಹೊಟ್ಟೆಗೂ ಎದೆಗೂ ನಡುವೆ ಇರುವ ವಪೆ ಎಂಬ ಸ್ನಾಯು ಕೆಳಗಿಳಿಯುತ್ತದೆ. ಎದೆಗೂಡು ಹಿಗ್ಗುತ್ತದೆ, ಗಾಳಿ ಒಳಗೆ ಬರುತ್ತದೆ.

ಇದು ತಿದಿಯ ಮಾತಾಯಿತು. ತಿದಿಯಿಂದ ಗಾಳಿ ಹೋಗಿಬರಲು ಕೊಳವೆ ಬೇಕು. ಶ್ವಾಸನಾಳವು ಕವಲೊಡೆಯುತ್ತ ಹೋಗಿ, ಕೊನೆಗೆ ಕೋಟ್ಯಂತರ ಪುಟ್ಟ ಗಾಳಿಚೀಲಗಳನ್ನು ಸೇರುತ್ತದೆ. ಉಸಿರು ಕಟ್ಟುವುದಕ್ಕೆ ಎದೆಯಲ್ಲಿ ಇರುವ ಕಾರಣಗಳನ್ನು ಸ್ಥೂಲವಾಗಿ ಎರಡು ಮಾಡಬಹುದು: ತಿದಿ ಬಿಗಿಯಾಗಿರುವುದು ಒಂದು, ಕೊಳವೆ ಕಟ್ಟಿಕೊಂಡಿರುವುದು ಅಥವಾ ಗಾಳಿಚೀಲ ಹಾಳಾಗಿರುವುದು ಇನ್ನೊಂದು. ಈ ಎರಡನ್ನು ಬೇರೆಬೇರೆಯಾಗಿ ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ತಿಳಿಯುತ್ತದೆ.

ಇವುಗಳನ್ನು ಅಳೆಯುವ ಉಪಕರಣ ಸ್ಪೈರೋಮೀಟರ್. ಇಂಗ್ಲೆಂಡಿನ ವೈದ್ಯ ಜಾನ್ ಹಚಿನ್‌ಸನ್ 1846ರಲ್ಲಿ ಇದರ ವಿವರವನ್ನು ಪ್ರಕಟಿಸಿದ. ತುಂಬ ಉಸಿರೆಳೆದು, ಸಾಧ್ಯವಾದಷ್ಟು ಜೋರಾಗಿ ಪೂರ್ತಿ ಊದಬೇಕು. ಒಟ್ಟು ಎಷ್ಟು ಗಾಳಿ ಹೊರಬಂತು ಎಂಬುದು ಒಂದು ಅಂಕಿ, ಇದಕ್ಕೆ ಎಫ್.ವಿ.ಸಿ. ಎನ್ನುತ್ತಾರೆ. ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಬಂತು ಎಂಬುದು ಇನ್ನೊಂದು ಅಂಕಿ, ಇದು ಎಫ್.ಇ.ವಿ.1. ತಿದಿ ಬಿಗಿಯಾದವರಲ್ಲಿ ಒಟ್ಟು ಮೊತ್ತವೇ ಕಡಿಮೆ. ಕೊಳವೆ ಕಟ್ಟಿದವರಲ್ಲಿ ಮೊದಲ ಸೆಕೆಂಡಿನ ಪಾಲು ಕಡಿಮೆ. ಆ ಪಾಲು ಒಟ್ಟಿನ ನೂರಕ್ಕೆ 70ಕ್ಕಿಂತ ಕೆಳಗಿದ್ದು, ಔಷಧಿ ಸೇದಿಸಿದ ಮೇಲೂ ಅಷ್ಟೇ ಉಳಿದರೆ, ಅದು ಸಿ.ಒ.ಪಿ.ಡಿ. ಎಂಬ ದೀರ್ಘಕಾಲದ ಶ್ವಾಸಕೋಶದ ರೋಗದ ಗುರುತು.

ವಯಸ್ಸು ತೆಗೆದುಕೊಳ್ಳುವ ಪಾಲು

ಶ್ವಾಸಕೋಶದ ಶಕ್ತಿ 20ರಿಂದ 25ನೆಯ ವಯಸ್ಸಿನ ಹೊತ್ತಿಗೆ ತುದಿ ಮುಟ್ಟುತ್ತದೆ. ಅಲ್ಲಿಂದಾಚೆಗೆ ಬೀಡಿ ಸಿಗರೇಟು ಮುಟ್ಟದ ಆರೋಗ್ಯವಂತನಲ್ಲಿಯೂ ಎಫ್.ಇ.ವಿ.1 ವರ್ಷಕ್ಕೆ ಸುಮಾರು 25ರಿಂದ 30 ಮಿಲಿಲೀಟರಿನಂತೆ ಇಳಿಯುತ್ತ ಬರುತ್ತದೆ. ನಲವತ್ತು ವರ್ಷಕ್ಕೆ ಲೆಕ್ಕ ಹಾಕಿದರೆ ಒಂದು ಲೀಟರಿಗೂ ಮೇಲಾಯಿತು. ಶ್ವಾಸಕೋಶ ತನ್ನ ಹಿಗ್ಗಿ ಕುಗ್ಗುವ ಗುಣವನ್ನು ಕಳೆದುಕೊಳ್ಳುವುದು, ಸ್ನಾಯುಗಳು ಸೋಲುವುದು, ಪಕ್ಕೆಲುಬಿನ ಮೃದು ಎಲುಬುಗಳು ಗಟ್ಟಿಯಾಗುವುದು, ಬೆನ್ನು ಬಾಗುವುದು, ಎಲ್ಲವೂ ಇದರಲ್ಲಿ ಸೇರಿವೆ.

ಬೆನ್ನಿಗೂ ಉಸಿರಿಗೂ ಸಂಬಂಧವಿದೆ ಎಂಬುದು ಹಾಗಾಗಿ ಬರಿಯ ಕಟ್ಟುಕತೆಯಲ್ಲ. ಮೂಳೆ ಟೊಳ್ಳಾಗಿ ಬೆನ್ನಿನ ಮಣಿಗಳು ಕುಸಿದಿದ್ದ ಮಹಿಳೆಯರನ್ನು ಪರೀಕ್ಷಿಸಿ 1990ರಲ್ಲಿ ಅಮೆರಿಕದಲ್ಲಿ ಒಂದು ವರದಿ ಪ್ರಕಟವಾಯಿತು. ಎದೆಭಾಗದ ಒಂದೊಂದು ಮಣಿ ಕುಸಿದುದಕ್ಕೂ ಎಫ್.ವಿ.ಸಿ. ಸುಮಾರು ನೂರಕ್ಕೆ 9ರಷ್ಟು ಕಡಿಮೆಯಾಗಿದ್ದುದು ಅದರಲ್ಲಿ ಕಂಡುಬಂತು. ಬೆನ್ನು ಕೆಟ್ಟರೆ ಉಸಿರು ಕೆಡುತ್ತದೆ ಎಂಬುದು ಸರಿಯೇ. ಆದರೆ ಬೆನ್ನನ್ನು ಕೈಯಿಂದ ಒತ್ತಿ ತಿರುವಿದರೆ ಉಸಿರು ಸರಿಹೋಗುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಅದನ್ನು ಪರೀಕ್ಷಿಸಿಯೇ ತಿಳಿಯಬೇಕು.

ಈ ಪದ್ಧತಿ ಬಂದದ್ದು ಎಲ್ಲಿಂದ

ಉಳುಕು ತೆಗೆಯುವವರು ನಮ್ಮ ಊರುಗಳಲ್ಲಿ ಹಿಂದಿನಿಂದಲೂ ಇದ್ದಾರೆ. ಆದರೆ ಬೆನ್ನುಮೂಳೆಯೇ ಸರ್ವರೋಗಕ್ಕೂ ಮೂಲವೆಂಬ ಪಂಥಗಳು ಹುಟ್ಟಿದ್ದು ಅಮೆರಿಕದಲ್ಲಿ. ಆಂಡ್ರ್ಯೂ ಟೇಲರ್ ಸ್ಟಿಲ್ ಎಂಬುವರು 1874ರಲ್ಲಿ ಆಸ್ಟಿಯೋಪಥಿಯನ್ನು ಸಾರಿದರು. 1892ರಲ್ಲಿ ಮಿಸೌರಿ ರಾಜ್ಯದ ಕರ್ಕ್ಸ್‌ವಿಲ್ ಎಂಬಲ್ಲಿ ಅದಕ್ಕೆ ಶಾಲೆ ತೆರೆದರು. ಡಿ. ಡಿ. ಪಾಮರ್ ಎಂಬುವರು 1895ರಲ್ಲಿ ಅಯೋವಾ ರಾಜ್ಯದ ಡ್ಯಾವೆನ್‌ಪೋರ್ಟಿನಲ್ಲಿ ಕೈರೋಪ್ರಾಕ್ಟಿಕ್ ಪದ್ಧತಿಯನ್ನು ಆರಂಭಿಸಿದರು. ಇಂದು ಅಮೆರಿಕದಲ್ಲಿ ಆಸ್ಟಿಯೋಪಥಿ ಕಲಿತವರು ಉಳಿದ ವೈದ್ಯರಂತೆಯೇ ಔಷಧ, ಶಸ್ತ್ರಚಿಕಿತ್ಸೆ ಎಲ್ಲವನ್ನೂ ಕಲಿತ ಪೂರ್ಣ ವೈದ್ಯರು. ಮುಂದೆ ಹೇಳುವ ಪರೀಕ್ಷೆಗಳಲ್ಲಿ ಕೆಲವನ್ನು ಅಂಥವರೇ ನಡೆಸಿದ್ದಾರೆ.

ಪರೀಕ್ಷೆಗಳು ಹೇಳಿದ್ದೇನು

ಹೊಸ ಗೊಬ್ಬರ ಬಂದಾಗ ನಾವು ಏನು ಮಾಡುತ್ತೇವೆ? ಒಂದು ಸಾಲಿಗೆ ಹಾಕುತ್ತೇವೆ, ಪಕ್ಕದ ಸಾಲನ್ನು ಹಾಗೆಯೇ ಬಿಡುತ್ತೇವೆ. ಎರಡೂ ಸಾಲಿನ ಫಸಲು ನೋಡಿ ತೀರ್ಮಾನಿಸುತ್ತೇವೆ. ಇಡೀ ತೋಟಕ್ಕೆ ಹಾಕಿ, ಆ ವರ್ಷ ಮಳೆ ಚೆನ್ನಾಗಿ ಬಂದು ಫಸಲು ಹೆಚ್ಚಿದರೆ, ಅದು ಗೊಬ್ಬರದ ಗುಣವೋ ಮಳೆಯ ಗುಣವೋ ಯಾರು ಬಲ್ಲರು? ವೈದ್ಯಕೀಯ ಪರೀಕ್ಷೆಗಳೂ ಇದೇ ನ್ಯಾಯದ ಮೇಲೆ ನಡೆಯುತ್ತವೆ. ಒಂದು ಗುಂಪಿಗೆ ನಿಜವಾದ ಚಿಕಿತ್ಸೆ, ಇನ್ನೊಂದು ಗುಂಪಿಗೆ ನೋಡಲು ಅದರಂತೆಯೇ ಇರುವ ತೋರಿಕೆಯ ಚಿಕಿತ್ಸೆ.

ಅಮೆರಿಕದ ಡೊನಾಲ್ಡ್ ನೋಲ್ ಮತ್ತು ಸಂಗಡಿಗರು 65 ದಾಟಿದ 35 ಮಂದಿ ಸಿ.ಒ.ಪಿ.ಡಿ. ರೋಗಿಗಳ ಮೇಲೆ ಇಂಥ ಪರೀಕ್ಷೆ ನಡೆಸಿ 2008ರಲ್ಲಿ ಪ್ರಕಟಿಸಿದರು. ಕೆಲವರಿಗೆ ಬೆನ್ನು, ಪಕ್ಕೆಲುಬು, ವಪೆಗಳನ್ನು ಕೈಯಿಂದ ಸಡಿಲಿಸುವ ನಿಜವಾದ ಚಿಕಿತ್ಸೆ. ಉಳಿದವರಿಗೆ ಹಗುರವಾಗಿ ಮುಟ್ಟುವುದಷ್ಟೆ. ಅರ್ಧ ಗಂಟೆ ಬಿಟ್ಟು ಅಳೆದಾಗ, ನಿಜವಾದ ಚಿಕಿತ್ಸೆ ಪಡೆದವರಲ್ಲಿ ಊದಿದ ಮೇಲೂ ಎದೆಯೊಳಗೆ ಉಳಿಯುವ ಗಾಳಿ ಸ್ವಲ್ಪ ಹೆಚ್ಚಿತ್ತು. ಹಳೆಯ ಗಾಳಿ ಹೊರಗೆ ಹೋಗದೆ ಒಳಗೇ ಸಿಕ್ಕಿಕೊಳ್ಳುವುದೇ ಈ ರೋಗದ ತೊಂದರೆ. ಅಂದರೆ ಆ ಹೊತ್ತಿನ ಮಟ್ಟಿಗೆ ಸ್ಥಿತಿ ಕೊಂಚ ಹದಗೆಟ್ಟಿತ್ತು. ಆದರೂ ಎರಡೂ ಗುಂಪುಗಳಲ್ಲಿ ಹೆಚ್ಚಿನವರು ತಮಗೆ ಗುಣವೆನಿಸಿತು ಎಂದೇ ಹೇಳಿದರು.

ಇದೇ ತಂಡ ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿದ, 50 ದಾಟಿದ 406 ಮಂದಿಯ ಮೇಲೆ ನಡೆಸಿದ ದೊಡ್ಡ ಪರೀಕ್ಷೆ 2010ರಲ್ಲಿ ಪ್ರಕಟವಾಯಿತು. ಇಲ್ಲಿ ಮೂರು ಗುಂಪು: ಮಾಮೂಲು ಔಷಧೋಪಚಾರ ಮಾತ್ರ, ಅದರ ಜೊತೆಗೆ ಹಗುರವಾದ ಸ್ಪರ್ಶ, ಅದರ ಜೊತೆಗೆ ನಿಜವಾದ ಹಸ್ತಚಿಕಿತ್ಸೆ. ಸೇರಿಸಿಕೊಂಡ ಎಲ್ಲರನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಕ್ರಮವಾಗಿ ಚಿಕಿತ್ಸೆ ಪೂರೈಸಿದವರನ್ನು ಮಾತ್ರ ಎಣಿಸಿದಾಗ, ಹಸ್ತಚಿಕಿತ್ಸೆಯವರು ಆಸ್ಪತ್ರೆಯಲ್ಲಿದ್ದ ಮಧ್ಯಮ ಅವಧಿ 3.5 ದಿನ, ಮಾಮೂಲು ಉಪಚಾರದವರದು 4.5 ದಿನ. ಆದರೆ ಬರಿದೆ ಮುಟ್ಟಿಸಿಕೊಂಡವರದು 3.9 ದಿನ, ಇವರಿಗೂ ಹಸ್ತಚಿಕಿತ್ಸೆಯವರಿಗೂ ನಡುವಿನ ಅಂತರ ಗಣನೆಗೆ ಬರುವಷ್ಟಿರಲಿಲ್ಲ. ಇಲ್ಲಿ ಆಸೆಗೂ ಎಡೆಯಿದೆ, ಅನುಮಾನಕ್ಕೂ ಎಡೆಯಿದೆ.

ಆಸ್ಟ್ರೇಲಿಯಾದ ರೋಜರ್ ಎಂಗೆಲ್ ಮತ್ತು ಸಂಗಡಿಗರು ಬೇರೆ ದಾರಿ ಹಿಡಿದರು. ಅವರು ಬೆನ್ನಿನ ಚಿಕಿತ್ಸೆಯನ್ನು ಒಂಟಿಯಾಗಿ ಕೊಡದೆ, ವ್ಯಾಯಾಮದ ಜೊತೆಗೆ ಸೇರಿಸಿದರು. 33 ಮಂದಿ ಸಿ.ಒ.ಪಿ.ಡಿ. ರೋಗಿಗಳ ಮೇಲಿನ ಅವರ ಪರೀಕ್ಷೆ 2016ರಲ್ಲಿ ಪ್ರಕಟವಾಯಿತು. ವ್ಯಾಯಾಮದ ಜೊತೆಗೆ ಸ್ನಾಯು ನೀವುವಿಕೆ ಮತ್ತು ಬೆನ್ನಿನ ಚಿಕಿತ್ಸೆ ಎರಡನ್ನೂ ಪಡೆದವರಲ್ಲಿ, ಬರಿಯ ವ್ಯಾಯಾಮದವರಿಗಿಂತ ಎಫ್.ವಿ.ಸಿ. ಹೆಚ್ಚು ಸುಧಾರಿಸಿತ್ತು. ಫಲ ಒಳ್ಳೆಯದೇ. ಆದರೆ 33 ಮಂದಿಯನ್ನು ಮೂರು ಗುಂಪು ಮಾಡಿದರೆ ಗುಂಪಿಗೆ ಹನ್ನೊಂದೇ ಜನ. ಹನ್ನೊಂದು ಗಿಡದ ಫಸಲು ನೋಡಿ ಇಡೀ ಎಸ್ಟೇಟಿನ ಗೊಬ್ಬರ ಬದಲಿಸುವವರು ನಮ್ಮಲ್ಲಿ ಯಾರೂ ಇಲ್ಲ.

ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ನನಗೆ ತಿಳಿದುಬರುವುದು ಇಷ್ಟು. ಬೆನ್ನಿನ ಚಿಕಿತ್ಸೆ ಫಲ ಕೊಟ್ಟರೂ ಅದು ಮುಟ್ಟುವುದು ತಿದಿಯನ್ನು. ಬಿಗಿದ ಪಕ್ಕೆ ಕೊಂಚ ಸಡಿಲವಾಗಿ ಒಟ್ಟು ಗಾಳಿ ಸ್ವಲ್ಪ ಹೆಚ್ಚಬಹುದು. ಕಟ್ಟಿಕೊಂಡ ಕೊಳವೆಯನ್ನು ಅದು ಬಿಡಿಸಿದ, ಹಾಳಾದ ಗಾಳಿಚೀಲವನ್ನು ರಿಪೇರಿ ಮಾಡಿದ ದಾಖಲೆ ಈ ಪರೀಕ್ಷೆಗಳಲ್ಲಿ ಇಲ್ಲ.

ಹಗುರವೆನಿಸಿದ್ದು ಸುಳ್ಳೇ?

ನಮ್ಮ ಕಡೆಯ ಹಿರಿಯ ಸದಸ್ಯರೊಬ್ಬರಿಗೆ 68 ವರ್ಷ. ನಲವತ್ತು ವರ್ಷ ಬೀಡಿ ಸೇದಿದವರು. ಪ್ರತಿ ಸುಗ್ಗಿಯಲ್ಲೂ ಅಡಕೆ ಬೇಯಿಸುವ ಒಲೆಯ ಮುಂದೆ ತಾವೇ ಕೂರುವವರು. ದಮ್ಮು ಹೆಚ್ಚಿದಾಗ ಪಟ್ಟಣಕ್ಕೆ ಹೋಗಿ ಬೆನ್ನು ತಿರುವಿಸಿಕೊಳ್ಳತೊಡಗಿದರು. ಭಾನುವಾರ ಮಾಡಿಸಿಕೊಂಡರೆ ಬುಧವಾರದವರೆಗೆ ಎದೆ ಹಗುರವಾಗಿರುತ್ತದೆ ಎಂದು ಅವರೇ ನನಗೆ ಹೇಳಿದ್ದರು. ಹೀಗೆ ಹತ್ತು ಭಾನುವಾರ ಕಳೆದವು. ಕೊನೆಗೆ ಮಗ ರಜಕ್ಕೆ ಬಂದವನು ಎದೆರೋಗದ ವೈದ್ಯರಲ್ಲಿಗೆ ಕರೆದೊಯ್ದ. ಸ್ಪೈರೋಮೀಟರಿನಲ್ಲಿ ಊದಿಸಿದಾಗ ಕೊಳವೆ ಕಟ್ಟಿರುವುದು ಸ್ಪಷ್ಟವಾಗಿ ಕಂಡಿತು. ಸೇದುವ ಔಷಧಿ ಆರಂಭವಾಯಿತು, ಬೀಡಿ ನಿಂತಿತು. ಈಗ ಅವರು ಏರು ಹತ್ತುವಾಗ ಒಂದು ಸಲ ಮಾತ್ರ ನಿಲ್ಲುತ್ತಾರೆ.

ಅವರಿಗೆ ಭಾನುವಾರ ಹಗುರವೆನಿಸಿದ್ದು ಸುಳ್ಳಲ್ಲ. ಬೆನ್ನಿನ ಬಿಗಿ, ನೋವು ಇಳಿದರೆ ಉಸಿರು ಸಲೀಸೆನಿಸುತ್ತದೆ. ಒಬ್ಬರು ಅರ್ಧ ಗಂಟೆ ಕೂತು ನಮ್ಮ ಕಷ್ಟ ಕೇಳಿ, ಮೈ ಮುಟ್ಟಿ ಉಪಚರಿಸಿದರೆ ಮನಸ್ಸಿಗೂ ಸಮಾಧಾನ. ನೋಲ್ ಅವರ ಪರೀಕ್ಷೆಯಲ್ಲಿ ಬರಿದೆ ಮುಟ್ಟಿಸಿಕೊಂಡವರೂ ಗುಣವೆಂದದ್ದು ಇದನ್ನೇ ತೋರಿಸುತ್ತದೆ. ಆದರೆ ಹಗುರವೆನಿಸುವುದು ಬೇರೆ, ಗಾಳಿ ಹೆಚ್ಚಿಗೆ ಹೋಗಿಬರುವುದು ಬೇರೆ. ಮೊದಲನೆಯದನ್ನು ನಂಬಿ ಎರಡನೆಯದನ್ನು ಅಳೆಯದೆ ಬಿಟ್ಟರೆ, ಆ ಹತ್ತು ಭಾನುವಾರಗಳ ಹಣಕ್ಕಿಂತ ಆ ಹತ್ತು ವಾರಗಳ ಕಾಲವೇ ದೊಡ್ಡ ನಷ್ಟ.

ಅಪಾಯ ಇರುವುದೆಲ್ಲಿ

ಹದವರಿತು ನೀವುವುದು, ಪಕ್ಕೆಲುಬನ್ನು ಮೆಲ್ಲಗೆ ಎತ್ತಿ ಬಿಡುವುದು ಸಾಮಾನ್ಯವಾಗಿ ನಿರಪಾಯ. ಒಮ್ಮೆಲೇ ಜೋರಾಗಿ ಒತ್ತಿ 'ಟಕ್' ಎನ್ನಿಸುವುದೇ ವಯಸ್ಸಾದವರಿಗೆ ಯೋಚಿಸಬೇಕಾದ ಸಂಗತಿ. ಮೂಳೆ ಟೊಳ್ಳಾದವರಲ್ಲಿ ಪಕ್ಕೆಲುಬು ಮುರಿಯಬಹುದು, ಬೆನ್ನಿನ ಮಣಿ ಕುಸಿಯಬಹುದು. ಮಣಿ ಕುಸಿದರೆ ಉಸಿರಿಗೆ ಏನಾಗುತ್ತದೆಂದು ಮೇಲೆಯೇ ನೋಡಿದೆವು. ಉಸಿರು ಹೆಚ್ಚಿಸಿಕೊಳ್ಳಲು ಹೋಗಿ ಇದ್ದದ್ದನ್ನೂ ಕಳೆದುಕೊಂಡಂತಾಯಿತು. ದಮ್ಮಿಗೆಂದು ಬಹುಕಾಲ ಸ್ಟೀರಾಯ್ಡ್ ಮಾತ್ರೆ ನುಂಗಿದವರಲ್ಲಿ ಮೂಳೆ ಇನ್ನೂ ಬೇಗ ಟೊಳ್ಳಾಗುತ್ತದೆ. ಮುಟ್ಟು ನಿಂತ ಮಹಿಳೆಯರಲ್ಲಿಯೂ ಹಾಗೆಯೇ. ಇಂಥವರು ಮೂಳೆಯ ಸಾಂದ್ರತೆ ಪರೀಕ್ಷೆ ಮಾಡಿಸದೆ ಯಾರ ಕೈಗೂ ಬೆನ್ನು ಕೊಡಬಾರದು.

ಕುತ್ತಿಗೆಯನ್ನು ಜಗ್ಗಿ ತಿರುಗಿಸುವುದಂತೂ ಬೇಡವೇ ಬೇಡ. ಅಲ್ಲಿ ಮೆದುಳಿಗೆ ರಕ್ತ ಒಯ್ಯುವ ನಾಳಗಳಿವೆ. ಅಪರೂಪವಾಗಿಯಾದರೂ ಅವುಗಳ ಒಳಪದರ ಹರಿದು ಪಾರ್ಶ್ವವಾಯು ಆದ ಪ್ರಸಂಗಗಳು ವೈದ್ಯಕೀಯ ದಾಖಲೆಗಳಲ್ಲಿವೆ.

ಸಾಬೀತಾದ ದಾರಿ

ಹಾಗಾದರೆ ಇಳಿವಯಸ್ಸಿನಲ್ಲಿ ಉಸಿರಿಗೆ ಏನೂ ಮಾಡಲಾಗದೇ? ಮಾಡಬಹುದು. ಅದರ ಆಧಾರ ಬೆನ್ನಿನ ಚಿಕಿತ್ಸೆಯ ಆಧಾರಕ್ಕಿಂತ ಎಷ್ಟೋ ಗಟ್ಟಿಯಾಗಿದೆ.

ಮೊದಲನೆಯದು ಹೊಗೆ. ಲಂಡನ್ನಿನ 792 ಪುರುಷರನ್ನು ಎಂಟು ವರ್ಷ ಪರಿಶೀಲಿಸಿ ಫ್ಲೆಚರ್ ಮತ್ತು ಪೀಟೊ 1977ರಲ್ಲಿ ಬರೆದದ್ದು ಇಂದಿಗೂ ಸತ್ಯ. ಧೂಮಪಾನ ಬಿಟ್ಟವರಿಗೆ ಕಳೆದುಹೋದ ಶಕ್ತಿ ಮರಳಿ ಬರದಿದ್ದರೂ, ಅಲ್ಲಿಂದಾಚೆಗೆ ಇಳಿತದ ವೇಗ ಸೇದದವರ ಮಟ್ಟಕ್ಕೆ ಬರುತ್ತದೆ. ಎಷ್ಟನೆಯ ವಯಸ್ಸಿನಲ್ಲಿ ಬಿಟ್ಟರೂ ಲಾಭವೇ. ಸೌದೆ ಒಲೆಯ ಹೊಗೆಯೂ ಸಿ.ಒ.ಪಿ.ಡಿ.ಗೆ ಕಾರಣ, ಒಂದು ಬೀಡಿಯನ್ನೂ ಮುಟ್ಟದ ನಮ್ಮ ಮನೆಯ ಹೆಂಗಸರಲ್ಲಿ ದಮ್ಮು ಕಂಡರೆ ಇದನ್ನು ನೆನಪಿಡಬೇಕು. ಅಡಕೆ ಬೇಯಿಸುವ ಒಲೆಗೆ ಎತ್ತರದ ಹೊಗೆಕೊಳವೆ ಹಾಕಿಸುವುದು ದುಂದುವೆಚ್ಚವಲ್ಲ. ಬೋರ್ಡೋ ದ್ರಾವಣದ ವಿಚಾರದಲ್ಲಿಯೂ ಒಂದು ಮಾತು. ಪೋರ್ಚುಗಲ್ಲಿನಲ್ಲಿ ವರ್ಷಗಟ್ಟಲೆ ದ್ರಾಕ್ಷಿ ತೋಟಕ್ಕೆ ಇದನ್ನು ಸಿಂಪಡಿಸಿದವರ ಶ್ವಾಸಕೋಶದಲ್ಲಿ ತಾಮ್ರ ಸೇರಿ ರೋಗವಾಗಿದ್ದುದನ್ನು ವೈದ್ಯರು 1969ರಲ್ಲಿಯೇ ವರದಿ ಮಾಡಿದ್ದಾರೆ. ಕೊಳೆರೋಗಕ್ಕೆ ಮದ್ದು ಹೊಡೆಯುವಾಗ ಹೊಡೆಯುವವರಿಗೂ ಕೆಳಗೆ ನಿಂತವರಿಗೂ ಮೂಗು ಬಾಯಿಗೆ ಮುಖವಾಡ ಇರಲೇಬೇಕು.

ಎರಡನೆಯದು ಕ್ರಮಬದ್ಧ ವ್ಯಾಯಾಮ. ಸಿ.ಒ.ಪಿ.ಡಿ. ರೋಗಿಗಳಿಗೆ ನಡಿಗೆ, ಕೈಕಾಲಿನ ವ್ಯಾಯಾಮ, ಉಸಿರಾಟದ ಶಿಕ್ಷಣ ಸೇರಿಸಿ ಕೊಡುವ ಪುನಶ್ಚೇತನ ಕಾರ್ಯಕ್ರಮವನ್ನು ಕುರಿತು 65 ಪರೀಕ್ಷೆಗಳು, 3822 ಮಂದಿಯ ಫಲಿತಾಂಶವನ್ನು ಒಟ್ಟು ಮಾಡಿ 2015ರಲ್ಲಿ ಕಾಕ್ರೇನ್ ಸಂಸ್ಥೆ ಪ್ರಕಟಿಸಿತು. ಏದುಸಿರು ಕಡಿಮೆಯಾಗುತ್ತದೆ, ನಡೆಯುವ ಶಕ್ತಿ ಹೆಚ್ಚುತ್ತದೆ ಎಂಬುದು ನಿಸ್ಸಂದೇಹವಾಗಿ ಸಿದ್ಧವಾಯಿತು. ಒಂದು ಕಡೆ 33 ಮಂದಿ, ಇನ್ನೊಂದು ಕಡೆ 3822 ಮಂದಿ. ಯಾವುದನ್ನು ಮೊದಲು ಹಿಡಿಯಬೇಕೆಂಬುದನ್ನು ಸದಸ್ಯರೇ ತೂಗಿ ನೋಡಬಹುದು.

ಸದಸ್ಯರ ಗಮನಕ್ಕೆ

1. ಏರು ಹತ್ತುವಾಗ ಜೊತೆಯವರಿಗಿಂತ ಹೆಚ್ಚು ದಮ್ಮು ಬರುತ್ತಿದ್ದರೆ ಮೊದಲು ಎದೆರೋಗದ ವೈದ್ಯರಲ್ಲಿ ಸ್ಪೈರೋಮೀಟರ್ ಪರೀಕ್ಷೆ ಮಾಡಿಸಿರಿ. ದಮ್ಮಿಗೆ ಹೃದಯವೂ ರಕ್ತಹೀನತೆಯೂ ಕಾರಣವಾಗಬಹುದು, ಅದನ್ನೂ ನೋಡಿಸಿರಿ.

2. ಎದೆನೋವು, ಕಾಲು ಬಾವು, ಮಲಗಿದರೆ ಉಸಿರು ಕಟ್ಟುವುದು, ಕಫದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಿರಿ. ಎರಡು ವಾರ ಮೀರಿದ ಕೆಮ್ಮಿಗೆ ಕ್ಷಯದ ಪರೀಕ್ಷೆ ಆಗಲೇಬೇಕು. ಸರಕಾರಿ ಆಸ್ಪತ್ರೆಯಲ್ಲಿ ಅದು ಉಚಿತ.

3. ಬೆನ್ನಿನ ಬಿಗಿಗೆ ಚಿಕಿತ್ಸೆ ಬೇಕೆನಿಸಿದರೆ ಪದವಿ ಪಡೆದ ಭೌತಚಿಕಿತ್ಸಕರನ್ನು ಕಾಣಿರಿ. ನಿಮ್ಮ ವಯಸ್ಸು, ಹಿಂದಿನ ಮೂಳೆ ಮುರಿತ, ನುಂಗುವ ಮಾತ್ರೆ ಎಲ್ಲವನ್ನೂ ತಿಳಿಸಿರಿ. "ಜೋರಾಗಿ ಒತ್ತುವುದು ಬೇಡ" ಎನ್ನಲು ಸಂಕೋಚಪಡಬೇಡಿ.

4. ಯಾರ ಮಾತಿಗೂ ಸೇದುವ ಔಷಧಿಯನ್ನು ನಿಲ್ಲಿಸಬೇಡಿ.

5. ಮನೆಯಲ್ಲಿಯೇ ಮಾಡಬಹುದಾದದ್ದು: ಕುರ್ಚಿಯಲ್ಲಿ ನೆಟ್ಟಗೆ ಕುಳಿತು, ಎರಡೂ ಕೈಗಳನ್ನು ತಲೆಯ ಹಿಂದೆ ಇಟ್ಟು, ಉಸಿರೆಳೆಯುತ್ತ ಮೊಣಕೈಗಳನ್ನು ಮೆಲ್ಲಗೆ ಹಿಂದಕ್ಕೆ ಅಗಲಿಸಿ, ಬಿಡುತ್ತ ಮುಂದಕ್ಕೆ ತನ್ನಿರಿ. ಎಂಟು ಹತ್ತು ಸಲ ಸಾಕು, ನೋವಾದರೆ ನಿಲ್ಲಿಸಿರಿ. ಏರು ಹತ್ತುವಾಗ ಎರಡು ಎಣಿಸುವಷ್ಟು ಹೊತ್ತು ಮೂಗಿನಿಂದ ಉಸಿರೆಳೆದು, ನಾಲ್ಕು ಎಣಿಸುವಷ್ಟು ಹೊತ್ತು ದೀಪ ಆರಿಸುವವರಂತೆ ತುಟಿ ಕೂಡಿಸಿ ಬಿಡಿರಿ. ದಿನವೂ ಸಮತಟ್ಟಾದ ದಾರಿಯಲ್ಲಿ ನಡೆಯಿರಿ, ವಾರವಾರಕ್ಕೆ ಸ್ವಲ್ಪ ಹೆಚ್ಚಿಸಿರಿ.

6. ಫ್ಲೂ ಮತ್ತು ನ್ಯುಮೋಕಾಕಸ್ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ವಿಚಾರಿಸಿರಿ.

ಗಿಡ ಹಳದಿಯಾದಾಗ ಬೇರು ನೋಡದೆ ಎಲೆಗೆ ಮದ್ದು ಹೊಡೆಯುವುದು ಜಾಣತನವಲ್ಲವೆಂದು ನಮಗೆಲ್ಲ ಗೊತ್ತು. ಮಣ್ಣು ಪರೀಕ್ಷೆಗೆ ವರ್ಷಕ್ಕೊಮ್ಮೆ ಸಂಘಕ್ಕೆ ಚೀಲ ತರುವ ಸದಸ್ಯರು, ತಮ್ಮ ಉಸಿರನ್ನೂ ಈ ಬೇಸಗೆಯಲ್ಲಿ ಒಮ್ಮೆ ಅಳೆಸಿಕೊಳ್ಳಬೇಕಾಗಿ ಕೋರುತ್ತೇನೆ. ಮನೆಯ ಯಜಮಾನರು ತಾವು ಹೋಗುವಾಗ ಅಡಿಗೆಮನೆಯಲ್ಲಿ ಹೊಗೆ ಕುಡಿದವರನ್ನೂ ಜೊತೆಯಲ್ಲಿ ಕರೆದೊಯ್ಯಲಿ.